ಏಡಿ ನೀಹಾರಿಕೆಯ ಗಾಮಾ ಕಿರಣ ಸ್ಫೋಟದ ಕಾವಲ್ಲ

1054ರ ಜುಲೈಯಲ್ಲಿ ವೃಷಭ ರಾಶಿಯಲ್ಲಿ ಹೊಸ ತಾರೆಯೊಂದು ಬೆಳಗಿ, 23 ದಿನ ಹಾಡಹಗಲಲ್ಲೂ ಕಂಡಿತೆಂದು ಚೀನಾದ ಖಗೋಳಜ್ಞರು ಬರೆದಿಟ್ಟಿದ್ದಾರೆ. ಸುಮಾರು 6,500 ಜ್ಯೋತಿರ್ವರ್ಷ ದೂರದ ಆ ಜಾಗದಲ್ಲಿ ಈಗಿರುವುದು ಏಡಿ ನೀಹಾರಿಕೆ. ಅಲ್ಲಿಂದ ಇಂದಿಗೂ ಗಾಮಾ ಕಿರಣ ಬರುತ್ತಿದೆ ಎಂದರೆ, ಆ ತಾರೆಯ ಸ್ಫೋಟದ, ಅಂದರೆ ಸೂಪರ್ನೋವಾದ, ಕಾವು ಇನ್ನೂ ಆರಿಲ್ಲ ಎಂದೇ ಹಲವರು ತಿಳಿಯುತ್ತಾರೆ.

ಅದು ತಪ್ಪು. ಸಿಡಿದ ಅನಿಲದ ಬಿಸಿ ಹೆಚ್ಚೆಂದರೆ ಎಕ್ಸ್-ರೇ ಹೊಮ್ಮಿಸೀತು. ಗಾಮಾ ಕಿರಣಕ್ಕೆ ಅದು ಸಾಲದು. ಶಕ್ತಿಯ ಮೂಲ ನಡುವೆ ಕುಳಿತಿದೆ. ಸುಮಾರು 20 ಕಿ.ಮೀ. ಅಗಲದ ನ್ಯೂಟ್ರಾನ್ ನಕ್ಷತ್ರ, 1968ರಲ್ಲಿ ಪತ್ತೆಯಾದ, ಮಿಡಿಯುತ್ತ ಬೆಳಗುವ ಪಲ್ಸಾರ್, ಸೆಕೆಂಡಿಗೆ 30 ಸಲ ಗಿರ‍್ರನೆ ತಿರುಗುತ್ತಿದೆ. ಬುಗುರಿಯ ಹಾಗೆ ಅದೂ ನಿಧಾನವಾಗುತ್ತಿದೆ: ಒಂದು ಸುತ್ತಿನ ಅವಧಿ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡ್ ಹಿಗ್ಗುತ್ತದೆ. ಇಷ್ಟು ಸಣ್ಣ ಕುಸಿತದಲ್ಲೇ ಅದು ಬಿಟ್ಟುಕೊಡುವ ಶಕ್ತಿ ಸೂರ್ಯನ ಒಟ್ಟು ಪ್ರಕಾಶದ ಲಕ್ಷ ಪಟ್ಟು! ನನಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯ ಬೇರೊಂದಿಲ್ಲ.

ಆ ಶಕ್ತಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಬಿರುಗಾಳಿಯಾಗಿ ಹೊರಡುತ್ತದೆ. ಕಾಂತಕ್ಷೇತ್ರದಲ್ಲಿ ಬಾಗಿ ಸಾಗುವಾಗ ಈ ಕಣಗಳು ರೇಡಿಯೋದಿಂದ ಗಾಮಾ ತನಕ ಬೆಳಕು ಚೆಲ್ಲುತ್ತವೆ. ಎದುರಾದ ಕಡಿಮೆ ಶಕ್ತಿಯ ಬೆಳಕಿನ ಕಣಗಳಿಗೆ ತಮ್ಮ ಶಕ್ತಿ ಕೊಟ್ಟು ಅವನ್ನು ಇನ್ನೂ ಪ್ರಬಲ ಗಾಮಾ ಕಿರಣವಾಗಿಸುತ್ತವೆ. ಎಕ್ಸ್-ರೇ ಸೂಸುವ ಎಲೆಕ್ಟ್ರಾನ್ ಕೆಲವೇ ವರ್ಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅಂದಮೇಲೆ ಇಂದು ಎಕ್ಸ್-ರೇಯಲ್ಲಿ ಹೊಳೆಯುತ್ತಿರುವವು 1054ರ ಕಣಗಳಾಗಿರಲು ಸಾಧ್ಯವೇ ಇಲ್ಲ. ಹೊಸವು ಬರುತ್ತಲೇ ಇರಬೇಕು.

ಈ ಗಾಮಾ ಕಿರಣವೆಲ್ಲ ಮಿಡಿತವಾಗಿಯೇ ಬರುತ್ತದೆ ಎಂಬುದೂ ಸರಿಯಲ್ಲ. ಮಿಡಿಯುವುದು ಪಲ್ಸಾರ್‌ನದು ಮಾತ್ರ, ನೀಹಾರಿಕೆಯದಲ್ಲ. ನೀಹಾರಿಕೆಯ ಬೆಳಕು ಎಂದೂ ಬದಲಾಗದು ಎಂದು ವಿಜ್ಞಾನಿಗಳೇ ಬಹುಕಾಲ ನಂಬಿ, ಇತರ ಆಕರಗಳನ್ನು ಅದರೊಂದಿಗೆ ಹೋಲಿಸಿ ಅಳೆಯುತ್ತಿದ್ದರು. ಆದರೆ 2010ರ ಸೆಪ್ಟೆಂಬರಿನಲ್ಲಿ ಅಜೀಲೆ ಮತ್ತು ಫರ್ಮಿ ಉಪಗ್ರಹಗಳು ಕೆಲವೇ ದಿನಗಳ ಗಾಮಾ ಭುಗಿಲನ್ನು ಕಂಡವು. ದಿನಗಳಲ್ಲಿ ಏರಿಳಿಯುವ ಬೆಳಕು, ಹಲವು ಜ್ಯೋತಿರ್ವರ್ಷ ಹರವಿನ ನೀಹಾರಿಕೆಯ ಬಲು ಚಿಕ್ಕ ಮೂಲೆಯೊಂದರಿಂದಲೇ ಹೊರಟಿರಬೇಕು.

ವಾತಾವರಣ ಗಾಮಾ ಕಿರಣವನ್ನು ತಡೆಯುವುದು ನಿಜ. ಆದರೆ ನೆಲದಿಂದ ಅದನ್ನು ಗುರುತಿಸಲಾಗದು ಎಂಬುದು ನಿಜವಲ್ಲ. ಅದು ಗಾಳಿಗೆ ಬಡಿದಾಗ ಏಳುವ ಕ್ಷಣಿಕ ನೀಲಿ ಮಿಂಚನ್ನು ಹಿಡಿದು, 1989ರಲ್ಲಿ ಅಮೆರಿಕದ ಅರಿಜೋನಾದ ವಿಪಲ್ ದೂರದರ್ಶಕ ಇದೇ ನೀಹಾರಿಕೆಯನ್ನು ಗುರುತಿಸಿತು. ಲಡಾಖಿನ ಹಾನ್ಲೆಯ 21 ಮೀಟರ್ ಅಗಲದ ಮೇಸ್ ದೂರದರ್ಶಕ ಕೂಡ ಹೀಗೆಯೇ ನೋಡುತ್ತದೆ. 2021ರಲ್ಲಿ ಚೀನಾದ ಲಾಸೊ ವೀಕ್ಷಣಾಲಯವು, ಗಾಮಾ ಕಿರಣ ಎಬ್ಬಿಸುವ ಕಣಗಳ ಮಳೆಯನ್ನು ನೆಲದಲ್ಲೇ ಎಣಿಸಿ, ಏಡಿಯಿಂದ ಬಂದ 1.1 ಪೆಟಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಬೆಳಕಿನ ಕಣವೊಂದನ್ನು ವರದಿ ಮಾಡಿತು. ಜಿನೀವಾದ ಬೃಹತ್ ವೇಗವರ್ಧಕದಲ್ಲಿ ಓಡುವ ಪ್ರೋಟಾನಿನ ಶಕ್ತಿಗಿಂತ ಅದು ನೂರು ಪಟ್ಟಿಗೂ ಹೆಚ್ಚು.