ಚಿಮಣಿಗೊಂದು ಮುಚ್ಚಳ

ಡೀಸೆಲ್ ಎಂಜಿನ್ನಿನ ಕಾಯಿಲೆ ಕಂಡುಹಿಡಿಯಲು ನಾನು ಹೆಚ್ಚು ನಂಬಿದ್ದು ಮೊಳದುದ್ದದ ಒಂದು ಸ್ಕ್ರೂಡ್ರೈವರನ್ನು. ಅದರ ತುದಿಯನ್ನು ಸಿಲಿಂಡರ್ ಹೆಡ್ಡಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಒಳಗಿನ ಸದ್ದೆಲ್ಲ ತಲೆಯೊಳಗೇ ಕೇಳುತ್ತದೆ. ವಾಲ್ವ್ ಸಡಿಲವಾಗಿದ್ದರೆ ಒಂದು ಥರ, ಇಂಜೆಕ್ಟರ್ ಕೈಕೊಟ್ಟಿದ್ದರೆ ಇನ್ನೊಂದು ಥರ. 1986ರಲ್ಲಿ ಕೃಷ್ಣರಾಜಪುರದ ಡೀಸೆಲ್ ಶೆಡ್ಡಿಗೆ ಖಲಾಸಿಯಾಗಿ ಸೇರಿದ ಹೊಸದರಲ್ಲಿ ನಮ್ಮ ಮೇಸ್ತ್ರಿ, "ಕಣ್ಣು ಮುಚ್ಕೊಂಡು ಕೇಳಪ್ಪಾ, ಹದಿನಾರು ಸಿಲಿಂಡರಿನಲ್ಲಿ ಯಾವುದು ನರಳ್ತಾ ಇದೆ ಹೇಳು" ಅನ್ನುತ್ತಿದ್ದರು. ಸರಿಯಾಗಿ ಹೇಳುವಷ್ಟು ಕಿವಿ ಪಳಗಲು ನನಗೆ ಎರಡು ವರ್ಷ ಹಿಡಿಯಿತು. ಈಗ ಕೇಳೋಣವೆಂದರೆ ಆ ಎಂಜಿನ್ನುಗಳೇ ಇಲ್ಲ.

ನಾನು ಹೇಳುತ್ತಿರುವುದು ಡಬ್ಲ್ಯುಡಿಎಂ-2 ಎಂಬ ಲೋಕೋ ಬಗ್ಗೆ. ಹೆಸರು ಗೊತ್ತಿಲ್ಲದಿದ್ದರೂ ಐವತ್ತು ದಾಟಿದವರೆಲ್ಲ ಅದರ ಹಿಂದೆ ಕೂತು ಪ್ರಯಾಣ ಮಾಡಿದವರೇ. ಮುಂದೆ ಗಿಡ್ಡ ಮೂಗು, ಹಿಂದೆ ಉದ್ದನೆಯ ಬೆನ್ನು, ನಡುವೆ ಡ್ರೈವರ್ ಕ್ಯಾಬಿನ್. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಪ್ಯಾಸೆಂಜರ್, ಗೂಡ್ಸ್ ಎರಡಕ್ಕೂ ಆಗುವಂಥದ್ದು. 2,600 ಅಶ್ವಶಕ್ತಿ, 112 ಟನ್ನಿಗೂ ಮಿಕ್ಕಿದ ತೂಕ. ಒಂದೊಂದು ಪಿಸ್ಟನ್ನಿನ ಬಾಯಿ ಒಂಬತ್ತು ಇಂಚು, ನಮ್ಮ ಮನೆಯ ಸಾರಿನ ಪಾತ್ರೆಯಷ್ಟು. ಅಂಥವು ಹದಿನಾರು.

ಅದರ ಮೂಲ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಆಲ್ಕೋ ಕಂಪನಿ. 1962ರಲ್ಲಿ ಮೊದಲ ಲೋಕೋಗಳು ಹಡಗಿನಲ್ಲಿ ಬಂದವು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಲ್ಲಿ ಜೋಡಿಸಿದ ಮೊದಲನೆಯದು ಹೊರಬಂತು. ನಂಬರ್ 18233, ಹೆಸರು ಕುಂದನ್. ಬರೀ ಎಂಜಿನ್ ಮಾರದೆ, ನಕ್ಷೆ, ತಂತ್ರಜ್ಞಾನ ಎಲ್ಲವನ್ನೂ ಆಲ್ಕೋ ನಮಗೆ ಕೊಟ್ಟಿತ್ತು. 1969ರಲ್ಲಿ ಅದು ತನ್ನೂರಿನಲ್ಲೇ ಬಾಗಿಲು ಹಾಕಿಕೊಂಡಿತು. ಆಮೇಲೂ ನಾಲ್ಕು ದಶಕಕ್ಕಿಂತ ಹೆಚ್ಚು ಕಾಲ ವಾರಾಣಸಿಯಲ್ಲಿ ಅದೇ ವಂಶದ ಎಂಜಿನ್ನುಗಳು ತಯಾರಾಗುತ್ತಲೇ ಇದ್ದವು. ಡಬ್ಲ್ಯುಡಿಎಂ-2 ಒಂದೇ ಎರಡೂವರೆ ಸಾವಿರಕ್ಕೂ ಹೆಚ್ಚು. ಹೆತ್ತ ಮನೆ ಮುಚ್ಚಿದರೂ ಸಾಕಿದ ಮನೆಯಲ್ಲಿ ಸಂತಾನ ಬೆಳೆದದ್ದು ಹೀಗೆ. ಸ್ಪ್ಯಾನರ್ ಹಿಡಿದು ಆ ಸಂತಾನವನ್ನು ನೋಡಿಕೊಂಡವರು ನಾವು ಅನ್ನುವ ಹೆಮ್ಮೆ ನನಗಿದೆ.

ಜನರಿಗೆ ನೆನಪಿರುವುದು ಅದರ ಹೊಗೆ. ಸ್ಟೇಷನ್ ಬಿಡುವಾಗ ಕಪ್ಪು ಹೊಗೆ ಭುಸ್ಸೆಂದು ಏಳುತ್ತಿತ್ತಲ್ಲ, ಅದು ಎಂಜಿನ್ ಕೆಟ್ಟಿದ್ದರ ಗುರುತಾಗಿರಲಿಲ್ಲ. ಡ್ರೈವರ್ ನಾಚ್, ಅಂದರೆ ಶಕ್ತಿಯ ಹಂತ, ಏರಿಸಿದ ಕೂಡಲೇ ಸಿಲಿಂಡರಿಗೆ ಹೆಚ್ಚು ಡೀಸೆಲ್ ಬೀಳುತ್ತದೆ. ಅದು ಪೂರ್ತಿ ಉರಿಯಲು ಅಷ್ಟೇ ಹೆಚ್ಚು ಗಾಳಿ ಬೇಕು. ಗಾಳಿ ತುಂಬುವುದು ಟರ್ಬೋ. ಆ ಟರ್ಬೋ ತಿರುಗುವುದೋ ಎಂಜಿನ್ ಉಗುಳಿದ ಹೊಗೆಯ ರಭಸದಿಂದ. ಅದು ವೇಗ ಹಿಡಿಯಲು ಕೆಲವು ಸೆಕೆಂಡು ಬೇಕಾಗುತ್ತಿತ್ತು. ಅಷ್ಟರಲ್ಲಿ ಅರೆಬೆಂದ ಡೀಸೆಲ್ ಮಸಿಯಾಗಿ ಹೊರಗೆ ಬರುತ್ತಿತ್ತು. ಸುಮ್ಮನೆ ನಿಂತಾಗ ಎಂಜಿನ್ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ 1,000. ನಿಂತ ಎಂಜಿನ್ನಿನ ಆ ತಡೆತಡೆದ ಬಡಿತ ರಾತ್ರಿ ಶೆಡ್ಡಿನ ಪಕ್ಕದ ಕ್ವಾರ್ಟರ್ಸಿನವರೆಗೂ ಕೇಳುತ್ತಿತ್ತು. ನನ್ನ ಮಗಳು ತೊಟ್ಟಿಲಲ್ಲಿ ಅದನ್ನೇ ಕೇಳಿಕೊಂಡು ಮಲಗಿದವಳು.

ಆ ಹೊಗೆಯನ್ನು ಮೂವತ್ತು ವರ್ಷ ಕುಡಿದಿದ್ದೇನೆ. ತಲೆ ಮೇಲೆ ವಿದ್ಯುತ್ ತಂತಿ ಬಂದದ್ದು ಒಳ್ಳೆಯದಾಯಿತು ಎಂದು ಮನಸಾರೆ ಹೇಳುತ್ತೇನೆ. ಹಳೆಯ ಎಂಜಿನ್ನುಗಳು ಹೋಗಲೇಬೇಕಿತ್ತು. ಹೇಗೆ ಹೋದವು, ಏನು ಉಳಿಯಿತು ಅನ್ನುವುದೇ ನನ್ನ ಸಂಕಟ.

ರೈಲ್ವೆ ಲೆಕ್ಕದಲ್ಲಿ ಡೀಸೆಲ್ ಲೋಕೋ ಆಯಸ್ಸು 36 ವರ್ಷ. ಅದು ಮುಗಿದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಅಧಿಕಾರಿಗಳು ಬಂದು ನೋಡಿ 'ಕಂಡೆಮ್' ಅಂತ ಬರೆಯುತ್ತಾರೆ. ಆಮೇಲೆ ನಮ್ಮ ಸರದಿ. ಬ್ಯಾಟರಿ, ಟರ್ಬೋ, ಕಂಪ್ರೆಸರ್, ಆರು ಟ್ರ್ಯಾಕ್ಷನ್ ಮೋಟಾರು, ಹೀಗೆ ಬೇರೆ ಲೋಕೋಗೆ ಆಗುವುದನ್ನೆಲ್ಲ ಬಿಚ್ಚಿಕೊಳ್ಳುತ್ತೇವೆ. ಆಯಿಲ್ ಬಸಿದು ಡ್ರಮ್ಮಿಗೆ ತುಂಬಿಸುತ್ತೇವೆ. ಉಳಿದ ಚಿಪ್ಪು ಹರಾಜಿಗೆ ಹೋಗುತ್ತದೆ. ಕೊಂಡವನ ಆಳುಗಳು ಗ್ಯಾಸ್ ಕಟ್ಟರ್ ತಂದು ಯಾರ್ಡಿನಲ್ಲೇ ಕತ್ತರಿಸಿ ಲಾರಿಗೆ ಹೇರುತ್ತಾರೆ.

ನಾನೇ ಎರಡು ಸಲ ಓವರ್‌ಹಾಲ್ ಮಾಡಿದ್ದ ಒಂದು ಲೋಕೋ ಕತ್ತರಿಸುವಾಗ ಹತ್ತಿರ ಹೋಗಿ ನಿಂತಿದ್ದೆ. ಮೊದಲು ಹಳೆಯ ಗ್ರೀಸ್ ಸುಟ್ಟ ವಾಸನೆ ಬಂತು. ಹುಡ್ಡಿನ ಒಂದು ತಗಡು ಕಳಚಿ ಕೆಳಗೆ ಬಿತ್ತು. ಎತ್ತಿ ಅಂಚು ನೋಡಿದೆ. ಈರುಳ್ಳಿ ಸಿಪ್ಪೆಯ ಹಾಗೆ ಬಣ್ಣದ ಪದರಗಳು. ಮೇಲೆ ನೀಲಿ, ಅದರಡಿ ಕಡುಗೆಂಪು, ಅದರಡಿ ಮತ್ತೆ ನೀಲಿ, ಕಟ್ಟಕಡೆಗೆ ಕಾರ್ಖಾನೆಯ ಪ್ರೈಮರ್. ಕತ್ತರಿಸುತ್ತಿದ್ದ ಹುಡುಗ ಕನ್ನಡಕ ಎತ್ತಿ, "ಬೇಕಾ ಯಜಮಾನ್ರೇ?" ಎಂದ. ಅದು ಹರಾಜಾದ ಮಾಲು, ತಗೊಳ್ಳುವಂತಿಲ್ಲ. ವಾಪಸ್ ಕೊಟ್ಟೆ.

ಎಲ್ಲವೂ ಗುಜರಿಗೇ ಹೋಗಲಿಲ್ಲ. ಆಲ್ಕೋ ವಂಶದ ಇತ್ತೀಚಿನ ಹತ್ತು ಲೋಕೋಗಳನ್ನು 2020ರ ಜುಲೈನಲ್ಲಿ ಬಾಂಗ್ಲಾದೇಶಕ್ಕೆ ಕೊಟ್ಟರು. ವಾರಾಣಸಿಯವರು ಒಂದು ಜೋಡಿ ಡೀಸೆಲ್ಲನ್ನು 10,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ನಾಗಿಯೇ ಬದಲಾಯಿಸಿ 2019ರಲ್ಲಿ ಓಡಿಸಿ ತೋರಿಸಿದರು. ಹಡಗಿನಲ್ಲಿ ಬಂದವುಗಳಲ್ಲಿ ಮೊದಲನೆಯದಾದ 18040 ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಕುಂದನ್ ತಾನು ಹುಟ್ಟಿದ ಕಾರ್ಖಾನೆಯಲ್ಲೇ ಇದೆ. ಇಷ್ಟು ಉಳಿಸಿದವರಿಗೆ ಕೈಮುಗಿಯುತ್ತೇನೆ.

ಆದರೆ ಉಗಿ ಎಂಜಿನ್ನಿನ ಹಾಗಲ್ಲ ಡೀಸೆಲ್. ಉಗಿ ಎಂಜಿನ್ ಸುಮ್ಮನೆ ನಿಂತಿದ್ದರೂ ತನ್ನ ಕಥೆ ಹೇಳುತ್ತದೆ. ರಾಡು, ಚಕ್ರ, ಸಿಲಿಂಡರ್ ಎಲ್ಲ ಹೊರಗೇ ಇವೆ, ಮಗುವಿಗೂ ಬೊಟ್ಟು ಮಾಡಿ ತೋರಿಸಬಹುದು. ಡೀಸೆಲ್ಲಿನದೆಲ್ಲ ಬಾಗಿಲ ಹಿಂದೆ. ನಿಲ್ಲಿಸಿಬಿಟ್ಟರೆ ಅದು ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆ, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದರ ಜೀವ ಇರುವುದು ಸದ್ದಿನಲ್ಲಿ. ಉಳಿಸುವುದಾದರೆ ಒಂದನ್ನಾದರೂ ಓಡುವ ಸ್ಥಿತಿಯಲ್ಲಿ ಉಳಿಸಬೇಕು.

ಇದು ಆಗದ ಮಾತಲ್ಲ. ಬ್ರಿಟನ್ನಿನಲ್ಲಿ ಡೆಲ್ಟಿಕ್ ಎಂಬ ಡೀಸೆಲ್ ಲೋಕೋಗಳು ಇದ್ದದ್ದೇ 22. 1982ರ ಜನವರಿ 2ರಂದು ಕೊನೆಯ ಓಟ ಓಡಿದವು. ಅಭಿಮಾನಿಗಳು ಸಂಘ ಕಟ್ಟಿ, ತಾವೇ ದುಡ್ಡು ಹಾಕಿ ಕೊಂಡುಕೊಂಡರು. ಇವತ್ತು 6 ಉಳಿದಿವೆ, ಅವುಗಳಲ್ಲಿ ಕೆಲವು ಆಮೇಲೂ ಓಡಿವೆ. ನಮ್ಮಲ್ಲೂ ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಉಗಿ ಎಂಜಿನ್ನುಗಳನ್ನು ಓಡುವ ಹಾಗೆ ಕಾಪಾಡಿದ್ದಾರೆ. 1855ರ ಫೇರಿ ಕ್ವೀನ್ ಕೂಡ ಅಲ್ಲಿಂದ ಓಡಿದೆ. ಡೀಸೆಲ್ಲಿಗೂ ಅಂಥದ್ದೊಂದು ಶೆಡ್ಡು ಬೇಕು. ಬಿಡಿಭಾಗಗಳು ಗುಜರಿಗೆ ಹೋಗಿ ಮುಗಿಯುವ ಮೊದಲು, ಕೆಲಸ ಬಲ್ಲವರ ಕೈ ನಡುಗುವ ಮೊದಲು ಬೇಕು. ಟ್ಯಾಪೆಟ್ ಎಷ್ಟು ಸಡಿಲ ಇಡಬೇಕು ಅನ್ನುವುದು ಪುಸ್ತಕದಲ್ಲಿದೆ. ಹೆಡ್ಡಿನ ನಟ್ ಬಿಗಿಯುವಾಗ ಎಲ್ಲಿ ನಿಲ್ಲಿಸಬೇಕೆಂದು ಮೊಣಕೈಗೆ ತಿಳಿಯುತ್ತದಲ್ಲ, ಅದು ಪುಸ್ತಕದಲ್ಲಿಲ್ಲ.

ಹೋದ ವರ್ಷ ಒಂದು ಊರಿಗೆ ಮದುವೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಕಟ್ಟೆಯ ಮೇಲೊಂದು ಹಳೆಯ ಆಲ್ಕೋ ನಿಲ್ಲಿಸಿದ್ದರು. ಬಣ್ಣ ಹೊಸದು, ಸುತ್ತ ಹೂವಿನ ಗಿಡ. ಮೇಲೆ ನೋಡಿದರೆ ಚಿಮಣಿ ಬಾಯಿ ತೆರೆದಿತ್ತು. ಆ ಬಾಯಿಯಲ್ಲಿ ಬಿದ್ದ ಮಳೆನೀರು ಟರ್ಬೋಗೆ ಇಳಿಯುತ್ತದೆ, ವಾಲ್ವ್ ತೆರೆದಿದ್ದರೆ ಅಲ್ಲಿಂದ ಸಿಲಿಂಡರಿಗೂ ಹೋಗುತ್ತದೆ. ಲೈನರ್ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಲ್ಲಿದ್ದವರನ್ನು ಕೇಳಿಕೊಂಡು ಒಂದು ಬಾಗಿಲು ತೆಗೆಸಿದೆ. ಕಬ್ಬಿಣದ ಬಾರ್ ಕೊಟ್ಟು ಎಂಜಿನ್ ತಿರುಗಿಸಿ ನೋಡಿದೆವು. ನಾನೂ ಇನ್ನಿಬ್ಬರೂ ತೂಗಿಬಿದ್ದರೂ ಮೊದಲು ಅಲುಗಲಿಲ್ಲ. ಆಮೇಲೆ ಎಲ್ಲೋ ಒಳಗೆ ಕಿರ್ರೆಂದು ಒಂದು ಬೆರಳಿನಷ್ಟು ಸರಿಯಿತು.

ಅಲ್ಲೇ ಒಂದು ಹಾಳೆ ಇಸಿದುಕೊಂಡು, ಚಿಮಣಿಗೆ ತಗಡಿನ ಮುಚ್ಚಳ, ಅಳತೆ ಇಷ್ಟು, ಸಿಲಿಂಡರಿಗೆ ಇಂಥ ಆಯಿಲ್, ತಿಂಗಳಿಗೊಮ್ಮೆ ಬಾರ್ ಹಾಕಿ ತಿರುಗಿಸಿ ಎಂದು ಬರೆದು, ಕೆಳಗೆ ನನ್ನ ನಂಬರ್ ಹಾಕಿ ಕೊಟ್ಟು ಬಂದಿದ್ದೇನೆ. ಫೋನ್ ಬಂದಿಲ್ಲ. ಮಳೆಗಾಲ ಶುರುವಾಗುವ ಮೊದಲು ಇನ್ನೊಮ್ಮೆ ಹೋಗಬೇಕು, ಮುಚ್ಚಳ ನಾನೇ ಮಾಡಿಸಿಕೊಂಡು.