ಗೊತ್ತಿರುವ ಪದವನ್ನು ಕಲಿಯುವುದು ಹೇಗೆ?

ನನ್ನ ತಂಗಿಯ ಮಗ ಎಂ.ಎಸ್. ಓದಲು ಅಮೆರಿಕಕ್ಕೆ ಹೋಗಿ ಎರಡು ವಾರವಾಗಿತ್ತೇನೋ, ಒಂದು ರಾತ್ರಿ ಫೋನ್ ಮಾಡಿದ. "ದೊಡ್ಡಮ್ಮ, ಮಿಡ್‌ಟರ್ಮ್ ಯಾವತ್ತು ಅಂತ ಪ್ರೊಫೆಸರಿಗೆ ಮೇಲ್ ಹಾಕಿದ್ದೆ. 'ಇಟ್ಸ್ ಇನ್ ದ ಸಿಲಬಸ್' ಅಂತ ಒಂದೇ ಸಾಲು ಉತ್ತರ ಬಂದಿದೆ. ಸಿಲಬಸ್ಸಲ್ಲಿ ಪಾಠ ಇರುತ್ತೆ, ಪರೀಕ್ಷೆ ತಾರೀಖು ಯಾಕಿರುತ್ತೆ? ನನ್ನ ಮೇಲೆ ಸಿಟ್ಟಾಗಿದಾರಾ?"

ಸಿಟ್ಟೇನೂ ಇರಲಿಲ್ಲ. ಪ್ರೊಫೆಸರು ಹೇಳಿದ ಸಿಲಬಸ್ ಬೇರೆ, ಇವನ ತಲೆಯಲ್ಲಿದ್ದ ಸಿಲಬಸ್ ಬೇರೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೂ ಇದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಗೊತ್ತಿಲ್ಲದ ಪದ ಎದುರಾದರೆ ನಿಘಂಟು ತೆಗೆಯುತ್ತೇವೆ. ಗೊತ್ತಿರುವ ಪದಕ್ಕೆ ಯಾರು ತೆಗೆಯುತ್ತಾರೆ? ಶಾಲೆ, ಓದು, ಪರೀಕ್ಷೆಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳೆಲ್ಲ ಹೆಚ್ಚುಕಡಿಮೆ ಹೀಗೇ. ಕನ್ನಡದೊಳಗೆ ಎಂದೋ ಬಂದು ಕೂತಿವೆ, ಕೂತಲ್ಲಿ ನಮ್ಮದೇ ಅರ್ಥ ಬೆಳೆಸಿಕೊಂಡಿವೆ. ಅಂಥ ಪದವನ್ನು ಮತ್ತೆ ಕಲಿಯುವುದು ಹೇಗೆ ಎನ್ನುವುದಕ್ಕೆ ಈ ಸಿಲಬಸ್ಸನ್ನೇ ಬಿಚ್ಚಿ ನೋಡೋಣ.

ಮೊದಲು ನಾವು ಅದನ್ನು ಹೇಗೆ ಬಳಸುತ್ತೇವೆ ಎಂದು ಗಮನಿಸಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ "ಸ್ಟೇಟ್ ಸಿಲಬಸ್ಸೋ ಸೆಂಟ್ರಲ್ ಸಿಲಬಸ್ಸೋ" ಎಂದು ಕೇಳುತ್ತೇವೆ. ಅಲ್ಲಿ ಸಿಲಬಸ್ ಎಂದರೆ ಬೋರ್ಡು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದೇ ಪದ ಐದು ಮಾಡ್ಯೂಲು. ಅದರ ಕೇಂದ್ರವಾದ ಬೆಳಗಾವಿಯಲ್ಲಿ ನಿಗದಿಯಾದದ್ದು, ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ರಾಜ್ಯದ ಎಲ್ಲ ಸಂಯೋಜಿತ ಕಾಲೇಜುಗಳಿಗೂ ಒಂದೇ. ಪಾಠ ಮಾಡುವ ಮೇಷ್ಟ್ರಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ. ಮೇಷ್ಟ್ರು ಮುಗಿಸಬೇಕಾದ ಭಾಗಕ್ಕೆ 'ಪೋರ್ಷನ್' ಎಂಬ ಬೇರೆ ಪದವೇ ಇದೆ. ಇನ್ನು 'ಔಟ್ ಆಫ್ ಸಿಲಬಸ್' ಅಂತೂ ತರಗತಿ ದಾಟಿ ಊರಿಗೆಲ್ಲ ಬಂದಿದೆ. ಸೊಸೆ ಕೇಳಿದ ಪ್ರಶ್ನೆಗೆ ಮಾವನವರು ಉತ್ತರ ಕೊಡದಿದ್ದರೆ ಅದೂ ಔಟ್ ಆಫ್ ಸಿಲಬಸ್ಸೇ. ಇವೆಲ್ಲ ತಪ್ಪು ಎಂದು ನಾನು ಹೇಳುವುದಿಲ್ಲ, ನಮ್ಮ ನಡುವೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಯಾವುದು ಊರಾಚೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಗೊತ್ತಿರಬೇಕು.

ಅಮೆರಿಕದ ಕಾಲೇಜಿನಲ್ಲಿ ಸಿಲಬಸ್ ಎಂದರೆ ಒಂದು ಕಾಗದ, ಈಗೀಗ ಒಂದು ಪಿಡಿಎಫ್. ಆ ಕೋರ್ಸಿನ ಪ್ರಾಧ್ಯಾಪಕರೇ ಬರೆದು ಸೆಮಿಸ್ಟರಿನ ಶುರುವಿನಲ್ಲಿ ಕೊಡುತ್ತಾರೆ. ವಾರವಾರಕ್ಕೆ ಓದಬೇಕಾದದ್ದು ಅದರಲ್ಲಿರುತ್ತದೆ, ಜೊತೆಗೆ ಪರೀಕ್ಷೆಯ ದಿನಾಂಕ, ಯಾವುದಕ್ಕೆ ಎಷ್ಟು ಶೇಕಡಾ ಅಂಕ, ತಡವಾಗಿ ಒಪ್ಪಿಸಿದರೆ ಎಷ್ಟು ಕಡಿತ, ನಕಲು ಸಿಕ್ಕರೆ ಏನಾಗುತ್ತದೆ, ಪ್ರಾಧ್ಯಾಪಕರು ಕೋಣೆಯಲ್ಲಿ ಸಿಗುವ ಹೊತ್ತು, ಎಲ್ಲವೂ. ಹೆಚ್ಚುಕಡಿಮೆ ಒಂದು ಕರಾರುಪತ್ರ. ಅದನ್ನು ಓದದೆ ಮೇಲ್ ಹಾಕಿದರೆ ಒಂದು ಸಾಲಿನ ಉತ್ತರವೇ ಬರುವುದು.

ಈಗ ಆ ಸಾಲಿನ 'ಇನ್' ನೋಡಿ. ಕಾಗದದೊಳಗೆ ಮಾಹಿತಿ ಇದೆ, ಆದ್ದರಿಂದ 'ಇನ್ ದ ಸಿಲಬಸ್'. ಬ್ರಿಟನ್ನಿನಲ್ಲಿ ಸಿಲಬಸ್ ಎಂದರೆ ಮುಖ್ಯವಾಗಿ ಓದಬೇಕಾದ ವಿಷಯಗಳ ಪಟ್ಟಿ. ಇಂಗ್ಲಿಷಿನಲ್ಲಿ ಹೆಸರು ಪಟ್ಟಿಯ 'ಮೇಲೆ' ಇರುತ್ತದೆ, ಆನ್ ದ ಲಿಸ್ಟ್. ಹಾಗಾಗಿ ಈ ವರ್ಷ ಶೇಕ್ಸ್‌ಪಿಯರ್ ಪಾಠಕ್ಕಿದ್ದಾನೆ ಎನ್ನಲು ಬ್ರಿಟಿಷರು 'ಆನ್ ದ ಸಿಲಬಸ್' ಎನ್ನುತ್ತಾರೆ, ಇಲ್ಲದಿದ್ದರೆ 'ನಾಟ್ ಆನ್ ದ ಸಿಲಬಸ್'. ಕನ್ನಡದಲ್ಲಿ ಪಟ್ಟಿಗೂ ಕಾಗದಕ್ಕೂ 'ಅಲ್ಲಿ' ಎಂಬ ಒಂದೇ ಪ್ರತ್ಯಯ ಸಾಕು, ಅದಕ್ಕೇ ಈ ವ್ಯತ್ಯಾಸ ನಮ್ಮ ಕಿವಿಗೆ ಬೀಳುವುದಿಲ್ಲ. ಒಂದು ಪದದ ಅರ್ಥದ ಬಗ್ಗೆ ಅನುಮಾನ ಬಂದಾಗ ನಾನು ಮೊದಲು ನೋಡುವುದು ಅದರ ಹಿಂದುಮುಂದಿನ ಈ ಪುಟ್ಟ ಪದಗಳನ್ನು. ಕ್ರಿಯಾಪದಗಳೂ ಅಷ್ಟೇ. ಸಿಲಬಸ್ಸನ್ನು 'ಕವರ್' ಮಾಡುತ್ತಾರೆ, 'ಫಾಲೋ' ಮಾಡುತ್ತಾರೆ, 'ಡಿಸೈನ್' ಮಾಡುತ್ತಾರೆ.

ಇಂಥ ಮಾಹಿತಿಗೆ ಇಂಗ್ಲಿಷ್-ಕನ್ನಡ ನಿಘಂಟು ಸಾಲದು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ಬೇಕು. ಎ. ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಪದದ ಅರ್ಥದ ಜೊತೆಗೆ ಅದನ್ನು ವಾಕ್ಯದಲ್ಲಿ ಕೂರಿಸುವ ಬಗೆಯನ್ನೂ ತೋರಿಸುವ ನಿಘಂಟೊಂದನ್ನು ಸಂಗಡಿಗರೊಂದಿಗೆ ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ಅದನ್ನು 1948ರಲ್ಲಿ ಆಕ್ಸ್‌ಫರ್ಡ್ ಮರುಮುದ್ರಿಸಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಅದರಲ್ಲಿ ಅರ್ಥವನ್ನು ಬಿಟ್ಟು ಉದಾಹರಣೆ ವಾಕ್ಯಗಳನ್ನೇ ಮೊದಲು ಓದಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಫೋನಿನಲ್ಲೂ ಪುಕ್ಕಟೆ ಸಿಗುತ್ತದೆ.

ಪಕ್ಕದ ಮನೆಯ ಪದವನ್ನೂ ಜೊತೆಗೇ ಕಲಿತುಬಿಡಬೇಕು. ಸಿಲಬಸ್ಸಿನ ಪಕ್ಕದ ಮನೆ ಕರಿಕ್ಯುಲಂ. ಲ್ಯಾಟಿನ್ನಿನಲ್ಲಿ ಅದಕ್ಕೆ ಓಟ, ರಥದ ಓಟದ ಹಾದಿ ಎಂಬ ಅರ್ಥಗಳಿದ್ದವು. ಒಬ್ಬ ವಿದ್ಯಾರ್ಥಿ ಆರಂಭದಿಂದ ಕೊನೆಯವರೆಗೆ ಓಡಬೇಕಾದ ಇಡೀ ಹಾದಿ ಕರಿಕ್ಯುಲಂ. ಅದರಲ್ಲಿ ಒಂದು ವಿಷಯಕ್ಕೆ ಸಂಬಂಧಿಸಿದ ಪಾಠಗಳ ಪಟ್ಟಿ ಸಿಲಬಸ್. ಕನ್ನಡದಲ್ಲಿ ಕರಿಕ್ಯುಲಂಗೆ ಪಠ್ಯಕ್ರಮ, ಸಿಲಬಸ್ಸಿಗೆ ಪಠ್ಯವಸ್ತು ಎಂದು ಬೇರ್ಪಡಿಸಿ ಬರೆಯುವುದುಂಟು. ಮಾತಿನಲ್ಲಿ ಮಾತ್ರ ಎರಡಕ್ಕೂ ಪಠ್ಯಕ್ರಮವೇ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆಂದೇ ಒಂದು ಬಲೆ ಇದೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎರಡು 'ಎಲ್' ಕಂಡ ಕೂಡಲೇ ನಮ್ಮ ನಾಲಿಗೆ 'ಸಿಲ್ಲಬಸ್' ಎನ್ನುತ್ತದೆ. ಅದು ನಾಲಿಗೆಯ ತಪ್ಪಲ್ಲ. ಎಲೆಗೂ ಎಲ್ಲೆಗೂ ಇರುವ ವ್ಯತ್ಯಾಸ ಆ ಒತ್ತಕ್ಷರದ್ದೇ. ಒತ್ತು ಬಿಟ್ಟರೆ ನಮ್ಮಲ್ಲಿ ಅರ್ಥವೇ ಕೆಡುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ಜೋಡಿ ಅಕ್ಷರ ಬಂದರೆ ಸಾಮಾನ್ಯವಾಗಿ ವ್ಯಂಜನವನ್ನು ಒತ್ತಿ ಹೇಳುವುದಿಲ್ಲ. 'ಸಿ' ಮೇಲೆ ಭಾರ ಹಾಕಿ, ಉಳಿದದ್ದನ್ನು ಹಗುರವಾಗಿ ತೇಲಿಸಿಬಿಡಬೇಕು. ಕರಿಕ್ಯುಲಂನಲ್ಲಿ ಆ ಭಾರ ಎರಡನೆಯ ಅಕ್ಷರವಾದ 'ರಿ' ಮೇಲೆ ಬೀಳುತ್ತದೆ.

ಸ್ಪೆಲ್ಲಿಂಗಿನಲ್ಲಿ 'ಐ' ಬದಲು 'ವೈ' ಏಕೆ ಬಂತು ಎಂಬ ಕಥೆ ಸ್ವಾರಸ್ಯದ್ದು. ಕ್ರಿ.ಪೂ. 56ರಲ್ಲಿ ರೋಮಿನ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಒಂದು ಕಾಗದ ಬರೆದ. ಪುಸ್ತಕಗಳನ್ನು ಜೋಡಿಸುತ್ತಿದ್ದೇನೆ, ನಿನ್ನ ಗ್ರಂಥಾಲಯದ ಇಬ್ಬರು ಆಳುಗಳನ್ನು ಕಳಿಸು, ಸುರುಳಿಗಳಿಗೆ ಹೆಸರುಪಟ್ಟಿ ಅಂಟಿಸಲು ತೊಗಲಿನ ಚೂರುಗಳನ್ನೂ ಅವರ ಕೈಲಿ ಕೊಟ್ಟು ಕಳಿಸು ಎಂದು. ಆ ಹೆಸರುಪಟ್ಟಿಗೆ ಗ್ರೀಕರು 'ಸಿತ್ತುಬ' ಎನ್ನುತ್ತಿದ್ದರು. ಕೈಪ್ರತಿಗಳಲ್ಲಿ ಅದು ಕೆಟ್ಟು, 15ನೇ ಶತಮಾನದಲ್ಲಿ ಅಚ್ಚಾದ ಪುಸ್ತಕಗಳಲ್ಲಿ 'ಸಿಲಬೋಸ್' ಎಂದಾಯಿತು. ಓದಿದ ಪಂಡಿತರು ಇದು 'ಸಿಲಬಲ್' ಪದದ ದಾಯಾದಿ ಇರಬೇಕೆಂದು ಭಾವಿಸಿ ಅದರ 'ವೈ'ಯನ್ನೇ ಇದಕ್ಕೂ ತೊಡಿಸಿದರು. ಹಾಗೆ ಹುಟ್ಟಿದ ಅಚ್ಚಿನ ದೋಷ 17ನೇ ಶತಮಾನದ ನಡುವೆ ಇಂಗ್ಲಿಷಿಗೆ ಬಂತು. ವಿದ್ಯಾರ್ಥಿಯ ಒಂದು ಕಾಗುಣಿತದ ತಪ್ಪಿಗೆ ಅರ್ಧ ಅಂಕ ಕಳೆಯುವ ನಾವು ಈ ಪದದ ಮುಂದೆ ಸ್ವಲ್ಪ ತಗ್ಗಿ ನಡೆಯುವುದು ಒಳ್ಳೆಯದು! ಬಹುವಚನ 'ಸಿಲಬೈ' ಮಾತ್ರ ಸರಿ ಎಂದು ಹಟ ಹಿಡಿಯುವವರಿಗೂ ಇದೇ ಉತ್ತರ. ಬುಡವೇ ತಪ್ಪು ಓದಾದ ಪದಕ್ಕೆ ಲ್ಯಾಟಿನ್ ಬಹುವಚನದ ಠೀವಿ ಏಕೆ? 'ಸಿಲಬಸಸ್' ಧಾರಾಳವಾಗಿ ನಡೆಯುತ್ತದೆ.

ಇಷ್ಟು ಕಥೆ ಕೇಳಿದ ಮೇಲೆ 'ವೈ' ಮರೆಯುವುದಿಲ್ಲ. ಉಳಿದದ್ದು ಮರೆಯುತ್ತದೆ, ಅದಕ್ಕೆ ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದ ಚೀಟಿ ಬೇಕು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಹೊಸತರಲ್ಲೇ ಮರೆವು ಅತಿ ವೇಗ, ಆಮೇಲೆ ನಿಧಾನ. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ನೆನಪಿಸಿಕೊಳ್ಳುವುದು ಮೇಲು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಇದಕ್ಕೊಂದು ಸುಲಭದ ಪೆಟ್ಟಿಗೆ ಸೂಚಿಸಿದ: ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ಮುಂದಿನ ಖಾನೆಗಳನ್ನು ಅಪರೂಪಕ್ಕೆ ತೆರೆದರಾಯಿತು. ಬೂಂದಿ ಲಾಡಿನ ಖಾಲಿ ಡಬ್ಬಿಗೆ ರಟ್ಟಿನ ಅಡ್ಡಗೋಡೆ ಹಾಕಿದರೂ ಸಾಕು.

ಚೀಟಿಯ ಮೇಲೆ ಏನು ಬರೆಯುತ್ತೀರಿ ಎಂಬುದರಲ್ಲಿ ಇದೆ ಕೆಲಸ. ಒಂದು ಕಡೆ ಸಿಲಬಸ್, ಇನ್ನೊಂದು ಕಡೆ ಪಠ್ಯವಸ್ತು ಎಂದು ಬರೆದರೆ ನನ್ನ ತಂಗಿಯ ಮಗನ ಕಥೆಯೇ ಆಗುತ್ತದೆ. ಪೂರ್ತಿ ವಾಕ್ಯ ಬರೆದು ನೀವು ತಪ್ಪುವ ಜಾಗವನ್ನು ಖಾಲಿ ಬಿಡಿ. 'ಶೇಕ್ಸ್‌ಪಿಯರ್ ಈಸ್ ___ ದ ಸಿಲಬಸ್ ದಿಸ್ ಇಯರ್.' ಹಿಂದೆ 'ಆನ್'. ಇನ್ನೊಂದು ಚೀಟಿಯಲ್ಲಿ 'ದ ಎಕ್ಸಾಮ್ ಡೇಟ್ಸ್ ಆರ್ ___ ದ ಸಿಲಬಸ್.' ಹಿಂದೆ 'ಇನ್', ಕೆಳಗೆ ಸಣ್ಣದಾಗಿ 'ಅಮೆರಿಕ'. ಒಂದು ಪದಕ್ಕೆ ಮೂರು ಚೀಟಿ ದಾಟಬೇಡಿ, ಡಬ್ಬಿ ತುಂಬಿದರೆ ಯಾರೂ ತೆರೆಯುವುದಿಲ್ಲ.

ಹುಡುಗನೂ ಚೀಟಿ ಶುರು ಮಾಡಿದ್ದಾನೆ. ಮೊನ್ನೆ ಮತ್ತೆ ಫೋನು. ರಿಪೋರ್ಟ್ ಒಪ್ಪಿಸುವ ಮುನ್ನ ಇನ್ನೊಮ್ಮೆ ಓದಿಕೊಂಡು, "ಐ ಹ್ಯಾವ್ ರಿವೈಸ್ಡ್ ಮೈ ರಿಪೋರ್ಟ್" ಎಂದು ಬರೆದನಂತೆ. ಹೊಸ ಪ್ರತಿ ಎಲ್ಲಿ ಎಂದು ಪ್ರೊಫೆಸರು ಕೇಳಿದರಂತೆ. "ರಿವಿಷನ್ ಅಂದ್ರೆ ಇನ್ನೊಂದ್ಸಲ ಓದೋದಲ್ವಾ, ದೊಡ್ಡಮ್ಮ?"

"ಇಲ್ಲಿ ಹೌದು," ಎಂದೆ. "ಅಲ್ಲಿ ತಿದ್ದಿ ಬರೆಯೋದು. ಚೀಟಿ ತಗೋ."