ಖಿನ್ನತೆಯ ಮಾತ್ರೆ ನುಂಗಿ ಗಾಡಿ ಹತ್ತುವ ಮುನ್ನ

ಶಿರಗುಪ್ಪಿಯ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಕೆಲವು ತಿಂಗಳಿಂದ ಊಟ ಸೇರದು, ನಿದ್ದೆ ಬಾರದು, ಹೊಲದ ಕಡೆ ಹೋಗಲು ಮನಸ್ಸಿಲ್ಲ. ಮನೆಯವರು ಮನೋವೈದ್ಯರಿಗೆ ತೋರಿಸಿ ಮಾತ್ರೆ ತರುತ್ತಾರೆ. ಮೂರು ರಾತ್ರಿ ಚೆನ್ನಾಗಿ ನಿದ್ದೆಯಾಗಿದೆ. ನಾಲ್ಕನೆಯ ಬೆಳಿಗ್ಗೆ ಆತ ಬೈಕ್ ಹತ್ತಿ ಗದಗ ರಸ್ತೆಗೆ ಇಳಿಯುತ್ತಾನೆ. ಆದರೆ ರಾತ್ರಿ ನುಂಗಿದ ಮಾತ್ರೆಯ ಅಂಶ ಬೆಳಿಗ್ಗೆಯೂ ರಕ್ತದಲ್ಲಿ ಇದ್ದೇ ಇರುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಣ್ಣು ಕಂಡು, ಮಿದುಳು ಗ್ರಹಿಸಿ, ಕೈ ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾದರೆ ಎಂಟು ಮೀಟರ್ ಹೆಚ್ಚು ಮುಂದೆ ಹೋಗಿರುತ್ತೀರಿ. ಕಣ್ಣು, ಮಿದುಳು, ಕೈಕಾಲುಗಳ ಈ ಹೊಂದಾಣಿಕೆಗೆ ಸೈಕೋಮೋಟರ್ ಸಾಮರ್ಥ್ಯ ಎನ್ನುತ್ತಾರೆ. ಬೈಕಿಗಷ್ಟೇ ಅಲ್ಲ, ರಾಶಿ ಯಂತ್ರಕ್ಕೆ ಕೈಯೊಡ್ಡುವವರಿಗೂ ಮೇವು ಕತ್ತರಿಸುವವರಿಗೂ ಇದು ಬೇಕು.

1950ರ ದಶಕದಲ್ಲಿ ಬಳಕೆಗೆ ಬಂದ ಇಮಿಪ್ರಮಿನ್, ಅನಂತರದ ಅಮಿಟ್ರಿಪ್ಟಿಲಿನ್ ಇಂದಿಗೂ ಬಳಕೆಯಲ್ಲಿವೆ. ಇವು ಮನಸ್ಸಿಗೆ ಸಂಬಂಧಿಸಿದ ರಾಸಾಯನಿಕಗಳ ಮೇಲಷ್ಟೇ ಕೆಲಸ ಮಾಡುವುದಿಲ್ಲ. ಹಿಸ್ಟಮಿನ್ ತಡೆಯುವುದರಿಂದ ನೆಗಡಿ ಮಾತ್ರೆಯಂತೆಯೇ ತೂಕಡಿಕೆ. ಅಸಿಟೈಲ್‌ಕೋಲಿನ್ ತಡೆಯುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು. ನೆದರ್ಲೆಂಡ್ಸ್‌ನಲ್ಲಿ ಹೆದ್ದಾರಿಯಲ್ಲೇ ಕಾರು ಓಡಿಸಿ ಪರೀಕ್ಷಿಸಿದಾಗ, ಇಂಥ ಮಾತ್ರೆ ಶುರು ಮಾಡಿದವರ ಕಾರು ಮೊದಲ ದಿನಗಳಲ್ಲಿ ಕುಡಿದವರ ಕಾರಿನಂತೆ ಅತ್ತಿತ್ತ ವಾಲುತ್ತಿತ್ತು. ಒಂದೆರಡು ವಾರ ಕಳೆದಂತೆ ಹೆಚ್ಚಿನವರಲ್ಲಿ ಮಂಪರು ಇಳಿಯುತ್ತದೆ. ಬೆನ್ನುನೋವಿಗೋ ತಲೆನೋವಿಗೋ ಅಮಿಟ್ರಿಪ್ಟಿಲಿನ್ ನುಂಗುವವರಿಗೆ ಅದು ಖಿನ್ನತೆಯ ಮಾತ್ರೆಯೂ ಹೌದೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ.

ಫ್ಲುಯೊಕ್ಸೆಟಿನ್, ಎಸ್ಸಿಟಲೋಪ್ರಾಮ್‌ನಂಥ ಹೊಸ ಮಾತ್ರೆಗಳಲ್ಲಿ ತೂಕಡಿಕೆ ಕಡಿಮೆ. ಬದಲಿಗೆ ವಾಕರಿಕೆ, ತಲೆನೋವು, ಕೈ ನಡುಕ, ಕೆಲವರಿಗೆ ನಿದ್ದೆಗೇಡು. ದಾಂಪತ್ಯ ಸುಖದಲ್ಲಿ ಆಸಕ್ತಿ ಕುಗ್ಗುವುದೂ ಉಂಟು. ಇದನ್ನು ವೈದ್ಯರ ಮುಂದೆ ಹೇಳಲಾಗದೆ ಮಾತ್ರೆಯನ್ನೇ ಕೈಬಿಡುವ ಗಂಡಸರು ಬಹಳ. ಜೊತೆಗೆ ಆಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ಬರೆದಿದ್ದರೆ ಮಂಪರಿನ ಬಹುಪಾಲು ಅದರದ್ದೇ ಆಗಿರಬಹುದು. ಇವುಗಳ ಮೇಲೆ ಸಾರಾಯಿ ಸೇರಿದರಂತೂ ಕೇಳುವುದೇ ಬೇಡ.

ಹಾಗೆಂದು ಮಾತ್ರೆಯೇ ಬೇಡ ಎನ್ನಬೇಕೇ? ಖಿನ್ನತೆ ತಾನೇ ಕೈಕಾಲನ್ನೂ ಯೋಚನೆಯನ್ನೂ ಮಂದಗೊಳಿಸುತ್ತದೆ. ಚಿಕಿತ್ಸೆ ಪಡೆಯದ ರೋಗಿಯೂ ರಸ್ತೆಯಲ್ಲಿ ಎಚ್ಚರವಾಗಿರುವುದಿಲ್ಲ. ಅವನ ಜೀವಕ್ಕೆ ರೋಗದಿಂದಲೇ ಅಪಾಯವೂ ಇದೆ. ಮಾತ್ರೆಯ ಪೂರ್ತಿ ಗುಣ ಕಾಣಲು ನಾಲ್ಕಾರು ವಾರ ಬೇಕು, ತೊಂದರೆಗಳಾದರೋ ಮೊದಲ ವಾರದಲ್ಲೇ. ಕಷ್ಟವೆಲ್ಲ ಮೊದಲು, ಸುಖ ಆಮೇಲೆ. ಬಹುಮಂದಿ ಬಿಟ್ಟುಬಿಡುವುದು ಈ ನಡುವಿನಲ್ಲೇ.

ಆದ್ದರಿಂದ ಮಾತ್ರೆ ಶುರುವಾದಾಗ ಮತ್ತು ಪ್ರಮಾಣ ಹೆಚ್ಚಿಸಿದಾಗ ಒಂದೆರಡು ವಾರ ಗಾಡಿಯ ಕೀಲಿ ಮಗನ ಕೈಯಲ್ಲಿರಲಿ. ಅನಂತರವೂ ಮಂಪರಿದ್ದರೆ ವೈದ್ಯರು ಹೊತ್ತನ್ನೋ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಲ್ಲರು. ತಾವು ಓಡಿಸುವುದು ಟ್ರ್ಯಾಕ್ಟರೋ ಬಸ್ಸೋ ಎಂದು ಅವರಿಗೆ ಮೊದಲೇ ಹೇಳಬೇಕು. 1845ರಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. 'ಹುಚ್ಚರ ಆಸ್ಪತ್ರೆ' ಎಂಬ ಹಳೆಯ ಹೆಸರಿಗೆ ನಾಚಿ ಜನ ಮಾತ್ರೆಯ ವಿಷಯವನ್ನೇ ಮುಚ್ಚಿಡುತ್ತಾರೆ. ಊರಿನಿಂದಲೇ ವಿಚಾರಿಸಲು 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿ 2022ರಿಂದ ಇದೆ.

ಮನೆಯ ಹಿರಿಯರ ವಿಷಯ ಬೇರೆ. ಹಳೆಯ ಬಗೆಯ ಮಾತ್ರೆ ನುಂಗಿದ ಅಜ್ಜ ರಾತ್ರಿ ಮೂತ್ರಕ್ಕೆಂದು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಬೀಳಬಹುದು. ಹಾಸಿಗೆಯಲ್ಲಿ ಒಂದೆರಡು ನಿಮಿಷ ಕುಳಿತು ಏಳಲಿ. ಪ್ರಾಸ್ಟೇಟ್ ಬಾವು, ಗ್ಲಾಕೋಮಾ, ಹೃದ್ರೋಗ ಇದ್ದರೆ ಮೊದಲೇ ತಿಳಿಸಿ. ಗುಣವಾಯಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ವೈದ್ಯರು ಅದನ್ನು ವಾರಗಟ್ಟಲೆ ಇಳಿಸುತ್ತ ಬಂದು ನಿಲ್ಲಿಸುತ್ತಾರೆ.